ಪೆಟ್ಟು ತಾಗದ ಗುಡ್ಡಾಸುರ

ಬನವಾಸಿಯ ಶಿವಲಿಂಗಪ್ಪನವರ ಮನೆಯಲ್ಲಿ ಜಗಳ ಎಂಬುದೇ ಇಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರು ಸಿಕ್ಕರೆ ಶಿವಲಿಂಗಪ್ಪನವರೇ ಕೂಡಿಸಿಕೊಂಡು ಹೇಳುತ್ತಿದ್ದರು. ಅಣ್ಣತಮ್ಮಂದಿರ ಗದ್ದೆ ಬದುವಿನ ತಂಟೆ ಇರಲಿ, ಗಂಡ ಹೆಂಡಿರ ಕಿತ್ತಾಟ ಇರಲಿ, ಶುಂಠಿ ವ್ಯಾಪಾರದಲ್ಲಿ ಮಾತು ತಪ್ಪಿದ ತಕರಾರಿರಲಿ, ಜನ ಬರುವುದು ಅವರ ಜಗಲಿಗೆ. ಇವರು ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು, ಕಣ್ಣು ಅರೆ ಮುಚ್ಚಿ, ಎರಡೂ ಕಡೆಯವರು ಬೈದು ಬೈದು ಸುಸ್ತಾಗುವ ತನಕ ಕೂತು, ಕಡೆಗೊಮ್ಮೆ “ಆತು, ವಿಚಾರ ಮಾಡೂಣು” ಎನ್ನುವರು. ಅಲ್ಲಿಗೆ ವ್ಯಾಜ್ಯ ಮುಗಿಯಿತು. ಬಗೆಹರಿಯಿತು ಎಂದಲ್ಲ, ಮುಗಿಯಿತು, ಅಷ್ಟೆ.

ಇಂಥ ಶಾಂತಿಯ ತವರಿಗೆ ಸೊಸೆಯಾಗಿ ಬಂದ ವಾಣಿಶ್ರೀಯ ಉದ್ಯೋಗವೇನು ಗೊತ್ತೇ? ಹೊಡೆದಾಟ. ದಿನಾ ಬೆಳಗ್ಗೆ ಬಸ್ಸು ಹತ್ತಿ ಶಿರಸಿಗೆ ಹೋಗಿ, ಯಲ್ಲಾಪುರ ರಸ್ತೆಯ ಟೈರ್ ಅಂಗಡಿಯೊಂದರ ಮಹಡಿ ಮೇಲೆ ಕೂತು, ಸಂಜೆಯವರೆಗೆ ಜನರನ್ನು ಹೊಡೆಸುವುದು, ಬಡಿಸುವುದು, ಕೊಲ್ಲಿಸುವುದು. ಅಲ್ಲಿ ಒಂದು ಸಣ್ಣ ಕಂಪನಿ ‘ಕಾಡುಕೋಟೆ’ ಎಂಬ ಆನ್‌ಲೈನ್ ಆಟ ತಯಾರಿಸುತ್ತಿತ್ತು. ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಒಟ್ಟಿಗೆ ಆ ಕಾಡು ಹೊಕ್ಕು, ಒಬ್ಬ ವೀರ, ಒಬ್ಬ ಬಿಲ್ಲುಗಾರ, ಒಬ್ಬಳು ಮಾಟಗಾತಿ ಎಂದು ವೇಷ ಹಾಕಿಕೊಂಡು, ಗುಂಪು ಕಟ್ಟಿ ರಾಕ್ಷಸರನ್ನು ಕೊಲ್ಲಬೇಕು. ಕತ್ತಿ ಹೇಗೆ ಬೀಸಬೇಕು, ಪೆಟ್ಟು ಎಲ್ಲಿ ಬೀಳಬೇಕು, ರಾಕ್ಷಸ ಹೇಗೆ ಸಾಯಬೇಕು, ಇದೆಲ್ಲ ವಾಣಿಶ್ರೀಯ ಖಾತೆ. ಸೊಸೆ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಶಿವಲಿಂಗಪ್ಪನವರು “ಕಂಪ್ಯೂಟರ್ ಕೆಲಸ” ಎಂದು ಹೇಳಿ ಮಾತು ಮಳೆಬೆಳೆಗೆ ತಿರುಗಿಸುತ್ತಿದ್ದರು.

ವಾಣಿಶ್ರೀಗೆ ಆ ಕೆಲಸವೆಂದರೆ ಪ್ರಾಣ. ಸುಳ್ಳಲ್ಲ. ಬಸ್ಸಿನಲ್ಲಿ ನಿಂತಲ್ಲೇ ಕೈ ತಿರುಗಿಸಿ ಗದೆಯ ಪೆಟ್ಟು ಲೆಕ್ಕ ಹಾಕುವವಳು. ಪಕ್ಕದ ಹೆಂಗಸರು ಇವಳಿಗೆ ಕೈ ನೋವೇನೋ ಎಂದು ಎಣ್ಣೆ ಹಚ್ಚಲು ಹೇಳುತ್ತಿದ್ದರು.

ಆದರೆ ಎಂಥ ಗ್ರಹಚಾರ ನೋಡಿ. ಇಷ್ಟು ಪ್ರೀತಿಯಿಂದ ಕಟ್ಟಿದ ಹೊಡೆದಾಟ ಯಾರಿಗೂ ರುಚಿಸಲಿಲ್ಲ. ಕಾಡುಕೋಟೆಯ ಬಾಗಿಲಲ್ಲೇ ಗುಡ್ಡಾಸುರ ಎಂಬ ದೊಡ್ಡ ರಾಕ್ಷಸ ನಿಂತಿರುತ್ತಾನೆ. ಅವನನ್ನು ಕೊಂದರಷ್ಟೇ ಒಳಗೆ ದಾರಿ. ಆಡಿ ನೋಡಲು ಕರೆದ ಜನ ಬರುತ್ತಿದ್ದರು, ಗುಡ್ಡಾಸುರನಿಗೆ ನಾಲ್ಕು ಬಾರಿಸುತ್ತಿದ್ದರು, ಆಕಳಿಸಿ ಎದ್ದು ಹೋಗುತ್ತಿದ್ದರು. ಹೋಗುವಾಗ ಅಭಿಪ್ರಾಯ ಬರೆದು ಹೋಗುವ ಉಪಕಾರವನ್ನೂ ಮಾಡುತ್ತಿದ್ದರು. ‘ಗಾದಿಯ ಧೂಳು ಬಡಿದ ಹಾಗೆ ಆಯಿತು’ ಎಂದು ಒಬ್ಬ. ‘ರಾಕ್ಷಸನನ್ನು ಸುಮ್ಮನೆ ಯಾಕೆ ಎಬ್ಬಿಸ್ತೀರಿ, ಮಲಗಲಿ ಪಾಪ’ ಎಂದು ಸಿದ್ದಾಪುರದ ಇನ್ನೊಬ್ಬ.

ಕಂಪನಿಯ ಯಜಮಾನ ಕಿಶೋರ ಮತ್ತಿಘಟ್ಟದ ಕಡೆಯವನು. ಆಟದ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆದರೂ ಓದುವವನು, ಆಟ ಮಾತ್ರ ಆಡದವನು. ಅವನಿಗೆ ‘ಫೀಲ್’ ಎಂಬ ಶಬ್ದವೊಂದು ಸಿಕ್ಕಿತ್ತು.

“ಎಲ್ಲ ಇದ್ದು, ಫೀಲ್ ಇಲ್ಲ ಮಾರಾಯ್ರೆ. ಹೊಡೆದ್ರೆ ಒಂದು ಫೀಲ್ ಬರ್ಬೇಕು.”

“ಯಾವ ಥರದ ಫೀಲ್?” ಎಂದು ವಾಣಿಶ್ರೀ ಕೇಳಿದಳು.

“ಹೊಡೆದ ಫೀಲ್.”

ಜ್ಞಾನ ಅಲ್ಲಿಗೆ ಖರ್ಚಾಯಿತು. ಆದರೆ ಯಜಮಾನ ಸುಮ್ಮನೆ ಕೂರಲಾದೀತೇ? ಪೆಟ್ಟು ಬಿದ್ದಾಗ ರಾಕ್ಷಸನ ತಲೆ ಮೇಲೆ ಹಾರುವ ಅಂಕಿಗಳನ್ನು ಕುಂಬಳಕಾಯಿ ಗಾತ್ರ ಮಾಡಿಸಿದ. ಕತ್ತಿಗೆ ಮಿಂಚು ಹಚ್ಚಿಸಿದ. ಪ್ರತಿ ಪೆಟ್ಟಿಗೂ ಪರದೆ ಗಡಗಡ ನಡುಗುವಂತೆ ಮಾಡಿಸಿದ. ಆಟಕ್ಕೆ ಧ್ವನಿ ಹಾಕುವ ಹುಡುಗಿ ಸಾಮಿಯಾ ನೋಡಿ, “ವಾಣಿ ಅಕ್ಕಾ, ಇದು ಯುದ್ಧ ಅಲ್ಲ, ಮದುವೆ ಮನೆ ಸೀರಿಯಲ್ ಲೈಟು” ಎಂದಳು. ಸಿದ್ದಾಪುರದ ಆಸಾಮಿ ಮತ್ತೊಮ್ಮೆ ಬಂದು ಆಡಿ, ತಲೆ ತಿರುಗಿ ಉಂಡಿದ್ದನ್ನೆಲ್ಲ ಕಕ್ಕಿದೆ ಎಂದು ವರದಿ ಒಪ್ಪಿಸಿದ. ಅಂತೂ ಒಂದು ಫೀಲ್ ಬಂತು.

ಇದಾದ ಮೇಲೆ ಕಿಶೋರನಿಗೆ ಜ್ಞಾನೋದಯವಾಯಿತು. ಜಗತ್ತಿಗೆ ಯುದ್ಧ ಬೇಕಾಗಿಯೇ ಇಲ್ಲ, ಶಾಂತಿ ಬೇಕು. “ಮುಂದಿನ ಶನಿವಾರ ದೊಡ್ಡ ಟ್ರಯಲ್. ಜನ ಗುಡ್ಡಾಸುರ ಸಾಯೂವರೆಗೆ ನಿಂತ್ರೆ ಸರಿ. ಎದ್ದು ಹೋದ್ರೆ ಹೊಡೆದಾಟ ಎಲ್ಲ ತೆಗೆದುಬಿಡೂದು. ಕೃಷಿ ಆಟ ಮಾಡುವ. ಅನಾನಸು ಬೆಳೆಯೂದು. ನಿಮಗೂ ಸುಲಭ, ಬನವಾಸಿಯವರು.”

ವಾಣಿಶ್ರೀ ಕೀಬೋರ್ಡನ್ನು ಆಚೆ ತಳ್ಳಿದಳು. ಹುಟ್ಟಿದ ಮನೆಯಲ್ಲಿ ಅನಾನಸು, ಕೊಟ್ಟ ಮನೆಯಲ್ಲಿ ಅನಾನಸು, ಅದರ ಮುಳ್ಳು ಚುಚ್ಚದ ಒಂದೇ ಒಂದು ಜಾಗವೆಂದರೆ ಈ ಮಹಡಿ. ಇಲ್ಲಿಗೂ ಬಂತೇ ಹಾಳಾದ್ದು!

ಕಷ್ಟ ಒಂಟಿಯಾಗಿ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಅದೇ ದಿನ ಊಟಕ್ಕೆ ಕೂತಾಗ ಶಿವಲಿಂಗಪ್ಪನವರು ರೊಟ್ಟಿ ಮುರಿಯುತ್ತ, ಹವಾ ಹೇಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು:

“ವಾಣಿ, ಸಾಲಿ ಕಮಿಟಿಯವರಿಗೆ ಮಾತು ಕೊಟ್ಟೀನಿ. ಹುಡುಗರಿಗೆ ಕಂಪ್ಯೂಟರ್ ಕಲಸಾಕ ಇನ್ಮ್ಯಾಲೆ ನೀ ಹೋಗ್ತಿ. ದಿನಾ ಶಿರಸಿಗೆ ಬಸ್ಸಿನ್ಯಾಗ ಬಡದಾಡೂದು ತಪ್ಪತೈತಿ. ಮುಂದಿನ ಶನಿವಾರ ಸಂಜಿಮುಂದ ಕಮಿಟಿಯ ಸುಭಾಷ್ ಬರ್ತಾನ, ಎಲಿ ಅಡಿಕಿ ಕೊಟ್ಟು ಮುಗಿಸಿಬಿಡೂಣು.”

ಎಲೆ ಅಡಿಕೆ ಎಂದರೆ ಆ ಮನೆಯಲ್ಲಿ ಸಾಮಾನ್ಯ ಸಂಗತಿಯಲ್ಲ. ಶಿವಲಿಂಗಪ್ಪನವರು ಯಾರಿಗೇ ಮಾತು ಕೊಡಲಿ, ಒಳಗಿನಿಂದ ಅವರ ಹೆಂಡತಿ ನೀಲಗಂಗವ್ವ ಹಿತ್ತಾಳೆ ತಾಟಿನಲ್ಲಿ ಎಲೆ ಅಡಿಕೆ ತಂದು ಮುಂದಿಡಬೇಕು. ಎದುರಿನವರು ಅದನ್ನು ಕೈಗೆತ್ತಿಕೊಂಡರೆ ಮಾತು ಗಟ್ಟಿ. ಆಮೇಲೆ ಆಕಾಶವೇ ಕಳಚಿ ಬಿದ್ದರೂ ಬದಲಿಲ್ಲ. ಯಾರ ಬಗ್ಗೆ ಮಾತು ಕೊಟ್ಟರೋ ಅವರನ್ನು ಒಂದು ಮಾತು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

“ನಾ ಒಲ್ಲೆ ರಿ ಮಾವಾರ,” ಎಂದಳು ವಾಣಿಶ್ರೀ. “ನನಗ ನನ್ನ ಕೆಲಸ ಐತಿ.”

“ಹೂಂ, ಹೌದು,” ಎಂದು ಶಿವಲಿಂಗಪ್ಪನವರು ಮೆಲ್ಲಗೆ ತಲೆಯಾಡಿಸಿದರು. “ಆತು, ವಿಚಾರ ಮಾಡೂಣು.”

“ವಿಚಾರ ಮಾಡೂದೇನೈತ್ರಿ? ನಾ ಹೋಗಂಗಿಲ್ಲ ಅಂದೆ.”

“ಪಲ್ಯಾ ಇವತ್ತ ಭಾಳ ಛಲೋ ಆಗೇತಿ.”

ಗಂಡ ಚನ್ನಬಸವ ತಾಟಿನ ತಳದಲ್ಲಿ ಏನೋ ಬರೆದಿದೆ ಎಂಬಂತೆ ಬಗ್ಗಿ ಉಣ್ಣುತ್ತಿದ್ದ. ಒಳ್ಳೆಯ ಮನುಷ್ಯ, ಇಲ್ಲವೆನ್ನಲಾಗದು. ಶುಂಠಿ ಖರೀದಿಗೆ ಹೋದಲ್ಲಿ ಹುಲಿಯಂತೆ ಮಾತಾಡುತ್ತಾನಂತೆ. ಅಪ್ಪನ ಮುಂದೆ ಬಂದರೆ ಆ ಹುಲಿ ಬನವಾಸಿ ಬಸ್‌ಸ್ಟ್ಯಾಂಡಿನಲ್ಲೇ ಇಳಿದು ಹೋಗಿರುತ್ತದೆ. ಆಮೇಲೆ ಕೋಣೆಯಲ್ಲಿ ಅವಳು, “ನೀವರ ಒಂದು ಮಾತು ಅನಬಾರದೇನ್ರಿ?” ಎಂದು ಕೇಳಿದರೆ, “ಅಪ್ಪಾರು ವಿಚಾರ ಮಾಡೂಣು ಅಂದಾರಲ್ಲ” ಎಂದು ಮಗ್ಗುಲಾದ.

ಸಿಟ್ಟು ಬಂದವರಿಗೆ ಬೈಸಿಕೊಂಡರೆ ಅಷ್ಟು ನೋವಾಗುವುದಿಲ್ಲ. ಬೈದಾಗ ಎದುರಿನವರು ಪಲ್ಯ ಹೊಗಳಿದರೆ ಆಗುವ ನೋವಿದೆಯಲ್ಲ, ಅದಕ್ಕೆ ಮದ್ದಿಲ್ಲ. ವಾಣಿಶ್ರೀ ದಿಂಬಿಗೊಂದು ಗುದ್ದು ಕೊಟ್ಟಳು. ದಿಂಬೂ ಸುಮ್ಮನೆ ತಗ್ಗಿತು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆಗೆದಿಟ್ಟುಕೊಂಡು ಗುಡ್ಡಾಸುರನನ್ನೇ ದಿಟ್ಟಿಸುತ್ತ ಕೂತಿದ್ದಳು. ಗಂಡಸರಿಬ್ಬರೂ ಗದ್ದೆಯ ಕಡೆ ಹೋಗಿದ್ದರು. ನೀಲಗಂಗವ್ವ ಬೆಳ್ಳುಳ್ಳಿ ಬುಟ್ಟಿ ತಂದು ಪಕ್ಕದಲ್ಲಿ ಕೂತು ಸುಲಿಯತೊಡಗಿದರು. ಆ ಮನೆಯಲ್ಲಿ ಅವರ ದನಿ ಕೇಳುವುದೇ ಅಪರೂಪ. ಊಟಕ್ಕೆ ಬರ್ರಿ, ಕೈ ತೊಳಕೊಳ್ರಿ, ಇನ್ನೊಂದು ರೊಟ್ಟಿ ಹಾಕಲೇನು, ಮುಗಿಯಿತು.

“ಯಾರವಾ ಇವ? ದೇವರೋ ದೆವ್ವನೋ?”

“ರಾಕ್ಷಸ ರಿ ಅತ್ತಿ. ಇಲ್ಲಿ ಒತ್ರಿ, ಹೊಡೀಬಹುದು.”

ನೀಲಗಂಗವ್ವ ಸೆರಗಿಗೆ ಕೈ ಒರೆಸಿಕೊಂಡು ಒಂದು ಒತ್ತು ಒತ್ತಿದರು. ಪರದೆಯ ಮೇಲಿನ ವೀರ ಕತ್ತಿ ಬೀಸಿದ. ಇನ್ನೊಂದು ಒತ್ತಿದರು. ಮತ್ತೊಂದು. ಆಮೇಲೆ ಬೆಳ್ಳುಳ್ಳಿ ಬುಟ್ಟಿ ಕಾಲಿನಿಂದ ಆಚೆ ಸರಿಸಿ ಸಾಲಾಗಿ ಬಡಿಯತೊಡಗಿದರು. ವಾಣಿಶ್ರೀಗೆ ನಗು ಬಂತು. ಅತ್ತೆಯ ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಆದರೆ ಸ್ವಲ್ಪ ಹೊತ್ತಿಗೆ ಕೈ ಸೋತು ನಿಂತಿತು.

“ಇವಗ ಹೊಡದ್ರ ಏನೂ ಆಗಂಗಿಲ್ಲಲ್ಲವಾ.”

“ಆಗತೈತ್ರಿ. ತಲಿ ಮ್ಯಾಲಿನ ಕೆಂಪು ಪಟ್ಟಿ ಸಣ್ಣದಾಗ್ತೈತಿ ನೋಡ್ರಿ.”

“ಪಟ್ಟಿ ತಗೊಂಡು ನಾ ಏನ್ ಮಾಡ್ಲಿ? ಅವನ ಮಾರಿ ನೋಡು. ನಾ ಬಡದಿದ್ದು ಅವಗ ಗೊತ್ತೇ ಇಲ್ಲ.” ನೀಲಗಂಗವ್ವ ಮತ್ತೆ ಬೆಳ್ಳುಳ್ಳಿ ಎಳೆದುಕೊಂಡರು. “ನಿಮ್ಮ ಮಾವನ ಜೋಡಿ ಮಾತಾಡಿದಂಗಾತು.”

ವಾಣಿಶ್ರೀ ನಕ್ಕಳು. ನಕ್ಕವಳು ಪರದೆಯ ಕಡೆ ತಿರುಗಿದಳು. ತಿರುಗಿದವಳ ನಗು ಬಾಯಲ್ಲೇ ಆರಿತು.

ಅಯ್ಯೋ ಶಿವನೇ! ಗುಡ್ಡಾಸುರ ಒಂದು ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಕಣ್ಣು ಅರೆ ಮುಚ್ಚಿತ್ತು. ಹೆಗಲಿನಿಂದ ಇಳಿಬಿದ್ದ ಹುಲಿಚರ್ಮ ಅಚ್ಚುಕಟ್ಟಾಗಿ ಮಡಿಕೆಯಾಗಿತ್ತು. ಅವಳು ತಾನೇ ಒಂದು ಪೆಟ್ಟು ಕೊಟ್ಟು ನೋಡಿದಳು. ಪೆಟ್ಟು ಬಿದ್ದೊಡನೆ ಗುಡ್ಡಾಸುರ ಮೆಲ್ಲಗೆ, ಹೂಂ, ಹೌದು ಎಂಬಂತೆ, ತಲೆಯಾಡಿಸಿದ.

ಆ ತಲೆಯಾಡಿಸುವಿಕೆಯನ್ನು ಅವಳೇ ಕೂತು ತಿದ್ದಿ ತೀಡಿ ಕೂರಿಸಿದ್ದಳು. ರಾಕ್ಷಸನಾದರೂ ಗಾಂಭೀರ್ಯ ಇರಲಿ ಎಂದು! ದೊಡ್ಡವರು ಪೆಟ್ಟನ್ನು ಮೈಗೆ ಹಚ್ಚಿಕೊಳ್ಳಬಾರದು, ಮುಖದಲ್ಲಿ ತೋರಿಸಬಾರದು, ತೋರಿಸಿಕೊಂಡರೆ ಸಣ್ಣವರಾಗುತ್ತಾರೆ. ಮದುವೆಯಾಗಿ ಬಂದಾಗಿನಿಂದ ದಿನಾ ಊಟಕ್ಕೆ ಕೂತಾಗ ನೋಡಿದ್ದನ್ನು ಯಾರಿಗೂ ಗೊತ್ತಿಲ್ಲದ ಹಾಗೆ, ತನಗೂ ಗೊತ್ತಿಲ್ಲದ ಹಾಗೆ, ತಂದು ಕಾಡುಕೋಟೆಯ ಬಾಗಿಲಲ್ಲಿ ನಿಲ್ಲಿಸಿಬಿಟ್ಟಿದ್ದಳು. ಎಲ್ಲೆಲ್ಲಿಯದೋ ಅಮಾಯಕ ಜನ ಇಷ್ಟು ದಿನ ಶಿವಲಿಂಗಪ್ಪನವರಿಗೆ ಕತ್ತಿ ಬೀಸಿ ಬೀಸಿ ಆಕಳಿಸಿ ಹೋಗಿದ್ದರು.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮಾತು ಬೇರೆ ಕಡೆ ತಿರುಗಿಸಲು ಕೇಳಿದಳು: “ನೀವು ಮಾವಾರಿಗೆ ಎಂದರ ಏನರ ಅಂದಿದ್ರೇನ್ರಿ ಅತ್ತಿ?”

“ಅನ್ನದ ಏನು? ಮದಿವಿಯಾದ ಹೊಸದಾಗಿ ಶಿರಸಿಯಾಗ ಹೆಣ್ಮಕ್ಕಳಿಗೆ ಹೊಲಿಗಿ ಕಲಸಾಕ ಕರದಿದ್ರು ನನ್ನ. ಹೋಗ್ತೀನಿ ಅಂದೆ. ಆತು, ವಿಚಾರ ಮಾಡೂಣು ಅಂದ್ರು.” ನೀಲಗಂಗವ್ವ ಒಂದು ಎಸಳಿನ ಸಿಪ್ಪೆ ಉಗುರಿನಿಂದ ಎಬ್ಬಿದರು. “ಇನ್ನೂ ವಿಚಾರ ಮಾಡಾಕ ಹತ್ಯಾರ.”

ಸೋಮವಾರ ವಾಣಿಶ್ರೀ ಮಹಡಿ ಹತ್ತಿದವಳೇ ಮಿಂಚು ಕಿತ್ತೆಸೆದಳು, ಕುಂಬಳಕಾಯಿ ಅಂಕಿ ಇಳಿಸಿದಳು, ಪರದೆಯ ನಡುಕ ನಿಲ್ಲಿಸಿದಳು. ಗುಡ್ಡಾಸುರನ ಬೆನ್ನ ಹಿಂದಿನ ಕೈ ಬಿಚ್ಚಿಸಿ ಮುಂದೆ ತಂದಳು. ಕಣ್ಣು ಪೂರ್ತಿ ತೆರೆಸಿದಳು. ಇನ್ನು ಮೇಲೆ ಅವನು ಪೆಟ್ಟು ತಿಂದರೆ ಬಗ್ಗಬೇಕು, ಹಿಂದೆ ಮುಗ್ಗರಿಸಬೇಕು, ಯಾರು ಹೊಡೆದರೋ ಅವರ ಕಡೆ ಕಣ್ಣು ಕೆಕ್ಕರಿಸಿ ನೋಡಬೇಕು. ತಾಗಿದ ಗಳಿಗೆಯಲ್ಲಿ ಕತ್ತಿ, ರಾಕ್ಷಸ, ವೀರ ಎಲ್ಲ ಕಣ್ಣೆವೆ ಮುಚ್ಚುವಷ್ಟು ಹೊತ್ತು ಹಾಗೇ ಸ್ತಬ್ಧ ನಿಲ್ಲಬೇಕು, ಆಮೇಲೆ ಮುಂದಿನದು. ಆ ನಿಲುಗಡೆ ಇಲ್ಲದಿದ್ದರೆ ಕತ್ತಿ ಗಾಳಿಯಲ್ಲಿ ಹಾದ ಹಾಗೆ ಹಾದು ಹೋಗುತ್ತದೆ. ಇದ್ದರೆ ಕೈಗೆ ಭಾರ ಸಿಗುತ್ತದೆ.

ಕಿಶೋರ ಇಣುಕಿ ನೋಡಿ, “ಎಂತ ಇದು, ಹ್ಯಾಂಗ್ ಆದ ಹಾಗೆ ಕಾಣ್ತದಲ್ಲ” ಎಂದ.

“ಅದೇ ಫೀಲ್,” ಎಂದಳು ವಾಣಿಶ್ರೀ. ಅವನು ಆ ಶಬ್ದಕ್ಕೆ ತಲೆಬಾಗಿ ಹೊರಟುಹೋದ.

ಗುಡ್ಡಾಸುರ ಹೊಡೆಯುವ ರೀತಿಯನ್ನೂ ಬದಲಾಯಿಸಿದಳು. ಮೊದಲು ಅವನು ಸುಮ್ಮನೆ ನಿಂತಿದ್ದವನು ಇದ್ದಕ್ಕಿದ್ದಂತೆ ಬಾರಿಸುತ್ತಿದ್ದ. ಊಟದ ನಡುವೆ ಮಾತು ಕೊಟ್ಟ ಸುದ್ದಿ ಬಂದ ಹಾಗೆ. ಈಗ ಹೊಡೆಯುವ ಮೊದಲು ಕೈ ಹಿಂದಕ್ಕೆ ಒಯ್ಯಬೇಕು, ಗುರುಗುಟ್ಟಬೇಕು, ಕಾಲೂರಬೇಕು. ನೋಡುವ ಕಣ್ಣಿದ್ದವರು ಜಿಗಿದು ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳದೆ ಸತ್ತರೆ ತಪ್ಪು ತನ್ನದೇ ಎಂದು ಆಡುವವನಿಗೆ ತಿಳಿಯುತ್ತದೆ. ಆಗ ಸಿಟ್ಟು ಬರುತ್ತದೆ, ಸಿಟ್ಟು ಬಂದವನು ಎದ್ದು ಹೋಗುವುದಿಲ್ಲ.

ಇನ್ನು ಸದ್ದು. ಅದು ಸಾಮಿಯಾಳ ಪಾಲು. ಮಾವನ ರಾಶಿಯಿಂದ ವಾಣಿಶ್ರೀ ಒಂದು ಚೀಲ ಅನಾನಸು ಹೊತ್ತು ತಂದಿದ್ದಳು. ಇಬ್ಬರೂ ಮೈಕಿನ ಮುಂದೆ ಕೂತು ಒಂದೊಂದರ ಜುಟ್ಟು ಹಿಡಿದು ತಿರುಚಿದರೆ, ಲಟಕ್ಕೆಂದು ಎಲುಬು ಮುರಿದ ಸದ್ದು ಬರುತ್ತಿತ್ತು. ಒದ್ದೆ ಗೋಣಿಚೀಲಕ್ಕೆ ಒನಕೆಯಿಂದ ಕೊಟ್ಟರೆ ಹೊಟ್ಟೆಗೆ ಬಿದ್ದ ಗದೆ. ಸಾಮಿಯಾಳ ತಂದೆ ನೂರ್ ಅಹ್ಮದ್‌ಗೆ ಎರಡು ಲಾರಿಗಳಿದ್ದವು. ಅವರ ಅಂಗಳದ ಹಳೆ ಟೈರಿಗೆ ಸುತ್ತಿಗೆ ಹಾಕಿದರೆ ಗುಡ್ಡಾಸುರ ನೆಲಕ್ಕುರುಳಿದ ದಢಾರು. ಸುತ್ತಿಗೆ ಸದ್ದಿಗೆ ಹೊರಗೆ ಬಂದ ಸಾಮಿಯಾಳ ತಾಯಿ ಅಮೀರುನ್ನಿಸಾ ಮಗಳಿಗೆ ಹಿಡಿಶಾಪ ಹಾಕಿದರು, ಮಗಳು ತಿರುಗಿ ಕೂಗಿದಳು, ತಾಯಿ ಇನ್ನೂ ಮೇಲಿನ ದನಿ ತೆಗೆದರು, ಆಮೇಲೆ ಇಬ್ಬರೂ ನಕ್ಕು ಚಹಾ ಮಾಡಲು ಒಳಗೆ ಹೋದರು. ವಾಣಿಶ್ರೀ ಅಂಗಳದಲ್ಲಿ ನಿಂತು ಬಾಯಿ ಬಿಟ್ಟು ನೋಡಿದಳು. ಅವಳಿಗೆ ಹೊಟ್ಟೆಕಿಚ್ಚಾಯಿತು. ಎಂಥ ಚೆಂದದ ಮನೆ!

ಒಂದು ತೊಡಕು ಉಳಿದಿತ್ತು. ನೂರ್ ಅಹ್ಮದ್ ಕಿರವತ್ತಿಯ ಧಾಬಾದಲ್ಲಿ ಲಾರಿ ನಿಲ್ಲಿಸಿದಾಗ ಫೋನಿನಲ್ಲಿ ಆಡಿ ನೋಡಿ ಮಗಳಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು: “ಅರೇ ಬೇಟಿ, ನಾನು ಇಲ್ಲಿ ಹೊಡೀತೇನೆ, ಒಂದು ಚಾಯ್ ಕುಡಿತೇನೆ, ಆಮೇಲೆ ಅಲ್ಲಿ ತಾಗ್ತದೆ. ಅಷ್ಟೊತ್ತಿಗೆ ನನ್ನ ಸಿಟ್ಟೇ ಇಳಿದುಹೋಗಿರ್ತದಲ್ಲ!”

ಅಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಫೋನಿನಿಂದ ಪ್ರತಿ ಪೆಟ್ಟೂ ಕಂಪನಿಯ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಹೋಗಿ, ಹೊಡೆಯಲೇ ಎಂದು ಅಪ್ಪಣೆ ಕೇಳಿ, ಅದು ಹೂಂ ಎಂದ ಮೇಲೆ ಕತ್ತಿ ಬೀಸುತ್ತಿತ್ತು. ಹಾಗೆ ಮಾಡಿಟ್ಟವಳೂ ವಾಣಿಶ್ರೀಯೇ. ದೊಡ್ಡವರನ್ನು ಕೇಳದೆ ಕೈ ಎತ್ತುವುದುಂಟೇ? ಅವಳು ಹಣೆ ಹಣೆ ಬಡಿದುಕೊಂಡು ಅದನ್ನೂ ತಿರುಗಿಸಿ ಹಾಕಿದಳು. ಇನ್ನು ಮೇಲೆ ಬೆರಳು ಒತ್ತಿದೊಡನೆ ಕತ್ತಿ ಬೀಸಲಿ, ರಾಕ್ಷಸ ಮುಗ್ಗರಿಸಲಿ. ಸರ್ವರು ಆಮೇಲೆ ನೋಡಿಕೊಂಡು ಒಪ್ಪಲಿ. ಒಪ್ಪದಿದ್ದರೆ ಆಗಿನ ಮಾತು ಆಗ.

ಶನಿವಾರ ಬೆಳಗ್ಗೆ ಟ್ರಯಲ್ ಶುರುವಾಯಿತು. ಜನ ಬಂದರು. ಗುಂಪು ಗುಂಪಾಗಿ ಗುಡ್ಡಾಸುರನ ಮೇಲೆ ಬಿದ್ದರು. ಲಟಕ್, ಧಬ್, ಒಂದು ಕ್ಷಣದ ಸ್ತಬ್ಧತೆ, ರಾಕ್ಷಸನ ಬೊಬ್ಬೆ. ಅವನು ಕೈ ಹಿಂದಕ್ಕೆಳೆದರೆ ಅರ್ಧ ಜನ ಜಿಗಿದು ಪಾರಾದರು, ಉಳಿದರ್ಧ ಹುಡಿಯಾದರು. ಸತ್ತವರು ಬೈಗುಳಗಳ ಸುರಿಮಳೆಗರೆದು ಮತ್ತೆ ಬಂದರು. ಮತ್ತೆ ಸತ್ತರು. ಮತ್ತೆ ಬಂದರು. ಸಿದ್ದಾಪುರದ ಆಸಾಮಿ, ‘ಈ ಬೋಳೀಮಗನನ್ನು ಕೊಲ್ಲದೆ ಇವತ್ತು ಊಟ ಮಾಡೂದಿಲ್ಲ’ ಎಂದು ಬರೆದ. ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ? ನೂರ್ ಅಹ್ಮದ್ ಯಲ್ಲಾಪುರದಲ್ಲಿ ಲೋಡು ಇಳಿಸಬೇಕಾದ ಲಾರಿಯಲ್ಲೇ ಕೂತು, ಹಮಾಲರನ್ನೂ ಕೂಡಿಸಿಕೊಂಡು ಆಡುತ್ತಿದ್ದರಂತೆ. ಕಡೆಗೂ ಗುಡ್ಡಾಸುರ ಮೊಣಕಾಲೂರಿ, ಅರಚಿ, ದಢಾರನೆ ಉರುಳಿದಾಗ ಸಾಮಿಯಾ ಕುರ್ಚಿ ಮೇಲೆ ಹತ್ತಿ ಕೂಗಿದಳು. ವಾಣಿಶ್ರೀಗೆ ಕಣ್ಣಲ್ಲಿ ನೀರೇ ಬಂತು.

“ನಾನು ಮೊದಲೇ ಹೇಳಿದ್ದೆ,” ಎಂದ ಕಿಶೋರ. “ಜನಕ್ಕೆ ಬೇಕಾದ್ದು ಯುದ್ಧ. ಸೋಮವಾರದಿಂದ ಎರಡನೇ ರಾಕ್ಷಸ ಶುರು ಮಾಡಿ. ನೀವೇ ಮಾಡ್ಬೇಕು.”

ಸೋಮವಾರ! ಬಸ್ಸಿನಲ್ಲಿ ಕೂತಾಗ ಆ ಶಬ್ದ ನೆನಪಾಗಿ ಅವಳ ಖುಷಿ ಜರ್ರನೆ ಇಳಿಯಿತು. ರಾಕ್ಷಸನನ್ನು ಕೊಂದದ್ದಾಯಿತು, ಮೂಲ ಪ್ರತಿ ಮನೆಯಲ್ಲಿ ಕೂತಿದೆ.

ಜಗಲಿಯಲ್ಲಿ ಆಗಲೇ ಸುಭಾಷ್ ಬಂದು ಕೂತಿದ್ದ. ಶಾಲೆ ಕಮಿಟಿಯ ಕಾರ್ಯದರ್ಶಿ. ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತಿದ್ದ. ಪಕ್ಕದಲ್ಲಿ ಚನ್ನಬಸವ ಶೇಂಗಾ ಬಿಡಿಸುತ್ತಿದ್ದ. ಶಿವಲಿಂಗಪ್ಪನವರು ಶಾಲು ಹೊದ್ದು, ಕಣ್ಣು ಅರೆ ಮುಚ್ಚಿ, ಶಾಂತಿಯ ಮೂರ್ತಿಯಾಗಿದ್ದರು.

“ಬಾ ವಾಣಿ. ಸುಭಾಷ್ ನಿನ್ನ ಹಾದೀನೇ ಕಾಯಾಕ ಹತ್ತಿದ್ದ.”

ವಾಣಿಶ್ರೀ ಚೀಲ ಕೆಳಗಿಟ್ಟಳು. ಅಪ್ಪಣೆ ಕೊಡುವ ಸರ್ವರನ್ನು ತಿರುಗಿಸಿ ಹಾಕಿದವಳಲ್ಲವೇ, ಬಂದದ್ದಾಗಲಿ ಎಂದು ನಿಂತ ಕಾಲಲ್ಲೇ ಹೇಳಿದಳು: “ಮಾವಾರ, ಪರರ ಮುಂದ ಹೇಳ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ನಾ ಸಾಲಿಗೆ ಹೋಗಂಗಿಲ್ಲ. ಒಲ್ಲೆ ಅಂದ್ರ ಒಲ್ಲೆ.”

ಶಿವಲಿಂಗಪ್ಪನವರು ಮೆಲ್ಲಗೆ ತಲೆಯಾಡಿಸಿದರು. “ನಮ್ಮ ಸೊಸಿಗೆ ಸಂಕೋಚ ಭಾಳ,” ಎಂದು ಸುಭಾಷನಿಗೆ ಹೇಳಿದರು. ಸುಭಾಷ್ ಹಲ್ಲು ಕಿರಿದ. ಶಿವಲಿಂಗಪ್ಪನವರು ಒಳಗಿನ ಕಡೆ ಮುಖ ಮಾಡಿ, “ಎಲಿ ಅಡಿಕಿ ತಗೊಂಬಾ” ಎಂದರು.

ತಾಗಲಿಲ್ಲ. ಕೂದಲಷ್ಟೂ ತಾಗಲಿಲ್ಲ. ವಾಣಿಶ್ರೀ ದಡದಡ ಅಡುಗೆಮನೆಗೆ ಹೋದಳು. ಅಲ್ಲಿ ನೀಲಗಂಗವ್ವ ತಾಟಿನಲ್ಲಿ ಎಲೆ ಜೋಡಿಸಿ, ಅಡಿಕೆ ಇಟ್ಟು, ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಕೊಡ್ರಿ ಅತ್ತಿ ಆ ತಾಟು. ನೀವು ಒಯ್ಯಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ನೀಲಗಂಗವ್ವ ಕೊಡಲಿಲ್ಲ. ಸೊಸೆಯ ಮುಖ ನೋಡಿದರು. “ನೀ ಹೊಡದಿ, ತಾಗಲಿಲ್ಲ. ಹೌದಿಲ್ಲೋ?”

“ಹೌದ್ರಿ, ತಾಗಲಿಲ್ಲ.”

“ಸರಿ ಅತ್ತಾಗ. ಈಗ ನನ್ನ ಪಾಳಿ.”

ವಾಣಿಶ್ರೀ ಹಿಂದೆಯೇ ಓಡಿದಳು. ನೀಲಗಂಗವ್ವ ಜಗಲಿಗೆ ಬಂದು ಗಂಡನ ಮುಂದೆ ನಿಂತರು. ಬಗ್ಗಿ ತಾಟು ಇಡಬೇಕಾದವರು ಬಗ್ಗಲಿಲ್ಲ. ತಾಟನ್ನು ಎದೆಯ ತನಕ ಎತ್ತಿದರು, ಹೆಗಲ ತನಕ ಎತ್ತಿದರು, ಕಾಲೂರಿ ನಿಂತರು. ನೋಡುವ ಕಣ್ಣಿದ್ದವರು ಜಿಗಿದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಕೈ ಮೇಲೇರತೊಡಗಿ ನಲವತ್ತು ವರ್ಷವಾಗಿತ್ತು, ಆ ಮನೆಯಲ್ಲಿ ಒಬ್ಬರೂ ಕತ್ತೆತ್ತಿ ನೋಡಿರಲಿಲ್ಲ.

ತಾಟು ಕಲ್ಲಿನ ನೆಲಕ್ಕೆ ಬಿತ್ತು. ಠಣಾರ್!

ಎಲೆಗಳು ಹಾರಿದವು, ಅಡಿಕೆ ಉರುಳಿತು. ಮಿಕ್ಕಿದ್ದೆಲ್ಲ ನಿಂತುಹೋಯಿತು. ಸುಭಾಷನ ಬಸಿ ತುಟಿಯ ಹತ್ತಿರ ನಿಂತಿತು. ಚನ್ನಬಸವನ ಶೇಂಗಾ ಬಾಯಿಗೂ ಬುಟ್ಟಿಗೂ ನಡುವೆ ನಿಂತಿತು. ಇಂಥ ಅಪ್ಪಟ ಸ್ತಬ್ಧತೆಯನ್ನು ವಾಣಿಶ್ರೀಗೆ ವಾರವಿಡೀ ತಿದ್ದಿ ತೀಡಿಯೂ ತರಲಾಗಿರಲಿಲ್ಲ. ಶಿವಲಿಂಗಪ್ಪನವರು ಕೂತಲ್ಲೇ ಹಿಂದಕ್ಕೆ ಸರಿದರು. ಹೆಗಲಿನಿಂದ ಶಾಲು ಜಾರಿ ಮಡಿಲಿಗೆ ಬಿತ್ತು. ಅರೆ ಮುಚ್ಚಿದ ಕಣ್ಣು ಪೂರ್ತಿ ತೆರೆದಿತ್ತು.

“ಮಾತು ಕೊಟ್ಟಾವ್ರು ನೀವು,” ಎಂದರು ನೀಲಗಂಗವ್ವ. “ಸಾಲಿಗೆ ನೀವೇ ಹೋಗ್ರಿ.”

ವಾಣಿಶ್ರೀ ಇದೇ ಸಮಯವೆಂದು ಮುಂದೆ ಬಂದಳು. “ಸುಭಾಷ್ ಅವ್ರ, ಸೋಮವಾರ ನಾ ಎಂದಿನಂಗ ಶಿರಸಿ ಬಸ್ ಹತ್ತಾಕಿ. ಸಾಲಿಗೆ ಬ್ಯಾರೇಯವರನ್ನ ನೋಡ್ಕೊಳ್ರಿ.”

ಚನ್ನಬಸವ ಒಂದು ಸಲ ಅಪ್ಪನನ್ನು ನೋಡಿದ, ಒಂದು ಸಲ ಅವ್ವನನ್ನು ನೋಡಿದ, ಎದ್ದು ಸುಭಾಷನ ಚಪ್ಪಲಿಗಳನ್ನು ಬೀದಿಯ ಕಡೆ ತಿರುಗಿಸಿ ಇಟ್ಟ. ಅವನ ಮಟ್ಟಿಗೆ ಅದೇ ಯುದ್ಧ. ಸುಭಾಷ್ ಚಹಾ ಅಲ್ಲೇ ಬಿಟ್ಟು, ಬರ್ತೀನ್ರಿ ಎಂದದ್ದೂ ಕೇಳಿಸದಂತೆ, ಮೆಟ್ಟಿಲಿಳಿದು ಹೋದ.

ಆಗ ಶಿವಲಿಂಗಪ್ಪನವರಿಗೆ ದನಿ ಬಂತು. ಸಾಮಾನ್ಯ ದನಿಯಲ್ಲ; ಅಂಥದೊಂದು ಅವರ ಗಂಟಲಲ್ಲಿ ಇದೆ ಎಂದು ಅವರಿಗೇ ಗೊತ್ತಿರಲಿಲ್ಲ. “ಏನಂತ ತಿಳಕೊಂಡಿ ನನ್ನ! ನಾಕು ಮಂದಿ ಮುಂದ ನನ್ನ ಮಾನಾ ಕಳದಿಯಲ್ಲ! ಹುಚ್ಚು ಹಿಡದೈತೇನು ನಿನಗ!” ಎಂದು ಕೂಗಿದರು. ಕೂಗು ರಥಬೀದಿಯ ತನಕ ಹೋಯಿತು. ಎದುರುಮನೆಯ ಕಿಟಕಿ ತೆರೆಯಿತು, ಪಕ್ಕದ ಮನೆಯ ಬಾಗಿಲು ತೆರೆಯಿತು, ಶಿವಲಿಂಗಪ್ಪನವರ ಮನೆಯಲ್ಲಿ ಜಗಳ ಎಂದರೆ ನೋಡದೆ ಬಿಟ್ಟಾರೆಯೇ? ಅವರ ಹಣೆಯ ನರ ಉಬ್ಬಿತ್ತು.

ಅತ್ತೆ ಅಳುತ್ತಾರೇನೋ ಎಂದು ವಾಣಿಶ್ರೀ ಹೆದರಿ ಅವರ ಮುಖ ನೋಡಿದಳು. ನೀಲಗಂಗವ್ವನ ಮುಖದ ಮೇಲಿದ್ದದ್ದು ಅಳುವಲ್ಲ. ಬೆಳಗ್ಗೆ ಗುಡ್ಡಾಸುರ ಮೊದಲ ಸಲ ಅರಚಿದಾಗ ಸಾಮಿಯಾಳ ಮುಖ ಹೇಗಾಗಿತ್ತೋ ಹಾಗಿತ್ತು.

ಸುಭಾಷ್ ಬಿಟ್ಟುಹೋದ ಸ್ಟೂಲನ್ನು ನೀಲಗಂಗವ್ವ ಕಾಲಿನಿಂದ ಎಳೆದುಕೊಂಡರು. ಗಂಡನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು.

“ಹಾಂ, ಹಿಂಗ,” ಎಂದರು. “ಈಗ ಅನ್ರಿ. ಎಲ್ಲಾ ಅನ್ರಿ. ನಾ ಕುಂತೀನಿ.”